ಬುತ್ತಿ ಹೊಲದವರದು

ಹಿರಿಯೂರಿನಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿ. ಒಳಗೆ ಕಾಲಿಟ್ಟರೆ ಔಷಧದ ಘಾಟು ಮೂಗಿಗೆ ಬಡಿಯುತ್ತದೆ. ಅದನ್ನೇ ಮಾರಿ ಮಕ್ಕಳನ್ನು ಓದಿಸಿದವಳು ನಾನು, ಹಾಗಾಗಿ ದೂರುವ ಹಕ್ಕಿಲ್ಲ. ಮೊನ್ನೆ ಬೆಳಿಗ್ಗೆ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಸ್ಕೂಟಿ ನಿಲ್ಲಿಸಿ ಬಂದು, ಬೇರು ಸಮೇತ ಕಿತ್ತು ತಂದ ಶೇಂಗಾ ಗಿಡವೊಂದನ್ನು ಕೌಂಟರಿನ ಮೇಲಿಟ್ಟಳು. ಎಲೆಗೆ ಚುಕ್ಕೆ ಬಿದ್ದಿದೆ, ಏನು ಹೊಡೆಯಬೇಕು ಎಂಬುದು ಅವಳ ಪ್ರಶ್ನೆ. ನಾನು ಚುಕ್ಕೆ ನೋಡಲಿಲ್ಲ. ಹಸಿ ಮಣ್ಣು ಮೆತ್ತಿಕೊಂಡ ಕಾಯಿಯ ವಾಸನೆ ಅಂಗಡಿಯ ಘಾಟನ್ನೆಲ್ಲ ಪಕ್ಕಕ್ಕೆ ತಳ್ಳಿಕೊಂಡು ಬಂತು. ದೊಡ್ಡಮ್ಮನ ಸೆರಗಿನ ವಾಸನೆ ಅದು...

ದೊಡ್ಡಮ್ಮ ನಮಗೆ ಬಂಧುವಲ್ಲ. ನನ್ನ ತವರೂರಿನಲ್ಲಿ ನಮ್ಮ ಹೊಲಕ್ಕೂ ಅವಳ ಹೊಲಕ್ಕೂ ಒಂದೇ ಬದು, ಅಷ್ಟೇ ನಂಟು. ಗಂಡ ಬೇಗ ತೀರಿಕೊಂಡಿದ್ದ. ಮಗ ಲಾರಿ ಓಡಿಸುತ್ತ ಊರೂರು ಸುತ್ತುತ್ತಿದ್ದ. ಹೊಲ ಪೂರ್ತಿ ಇವಳ ಕೈಯಲ್ಲೇ ಇತ್ತು. ಕೊರಳಲ್ಲಿ ಲಿಂಗ, ಪೂಜೆ ಆಗುವ ತನಕ ಬಾಯಿಗೆ ತೊಟ್ಟು ನೀರು ಹಾಕುತ್ತಿರಲಿಲ್ಲ. ಮಾತು ಮಾತ್ರ ಬಹಳ ಒರಟು. ಅವಳು ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ, ನನ್ನನ್ನಂತೂ ಇಲ್ಲವೇ ಇಲ್ಲ.

ನಾನು ಚಿಕ್ಕವಳಿದ್ದಾಗ ಶೇಂಗಾ ಕೀಳುವುದೆಲ್ಲ ಮುಯ್ಯಾಳಿನ ಮೇಲೆ ನಡೆಯುತ್ತಿತ್ತು. ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಕೂಲಿಯ ಮಾತೇ ಇಲ್ಲ. ಕಟ್ಟುನಿಟ್ಟು ಒಂದೇ, ಮುಯ್ಯಿಗೆ ಬಂದವರ ಮಧ್ಯಾಹ್ನದ ಬುತ್ತಿ ಹೊಲದವರದು. ಕೂಲಿಗೆ ಬಂದವರಾದರೆ ತಮ್ಮ ಡಬ್ಬಿ ತಾವೇ ತಂದು, ದೂರ ಕೂತು ಉಣ್ಣುತ್ತಿದ್ದರು. ಕೂಲಿಗೆ ಬರುತ್ತಿದ್ದವರು ಕಾಲೋನಿಯವರು. ಅವರು ಊರಿನವರ ಮನೆಯೊಳಗೆ ಬರುತ್ತಿರಲಿಲ್ಲ, ಅವರ ಮನೆಯ ನೀರನ್ನು ಊರಿನವರು ಕುಡಿಯುತ್ತಿರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆಮೇಲೆ ನಮ್ಮೂರಿನ ಮೇಲಿನ ಮನೆಯವರು ಬೋರ್ ಕೊರೆಸಿ ಅಡಿಕೆ ಇಟ್ಟರು. ಅಡಿಕೆ ಕೈಗೆ ಹತ್ತಿದ ಮೇಲೆ ಅವರ ಮನೆಯ ಹೆಂಗಸರು ಬಿಸಿಲಿಗೆ ಬರುವುದು ನಿಂತಿತು. ಅವರನ್ನು ನೋಡಿ ಇನ್ನೊಂದು ಮನೆ, ಮತ್ತೊಂದು ಮನೆ. ಇತ್ತ ಗಾರ್ಮೆಂಟ್ಸ್ ವ್ಯಾನು ಬೆಳಿಗ್ಗೆಯೇ ಬಂದು ಕಾಲೋನಿಯ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೋಗತೊಡಗಿತು. ಊರಿನ ಗಂಡಸರು ಕಟ್ಟೆಯ ಮೇಲೆ ಕೂತು, ಆಳುಗಳಿಗೆ ಸೊಕ್ಕು ಬಂತು ಎಂದು ಗೊಣಗುತ್ತಿದ್ದರು. ನನಗೆ ನಗು ಬರುತ್ತಿತ್ತು. ಫ್ಯಾನಿನ ಕೆಳಗೆ ಕೂತು ತಿಂಗಳ ಸಂಬಳ ಎಣಿಸುವ ಹಾಗಿದ್ದರೆ ಆ ವ್ಯಾನಿಗೆ ಮೊದಲು ಹತ್ತುವವರು ಅವರೇ.

ನಾನು ಡಿಗ್ರಿ ಮುಗಿಸಿ ಮನೆಯಲ್ಲಿದ್ದ ವರ್ಷ ಶೇಂಗಾ ಚೆನ್ನಾಗಿ ಬಂದಿತ್ತು. ಕೀಳುವ ಹೊತ್ತಿಗೆ ಒಂದು ಹದ ಮಳೆಯೂ ಬಿತ್ತು. ಆದರೆ ಹಿಂದೆಯೇ ಬಿಸಿಲು ಸುರುವಾಯಿತು. ನೆಲ ಬಿಗಿದರೆ ಗಿಡ ಮಾತ್ರ ಕೈಗೆ ಬರುತ್ತದೆ, ಕಾಯಿ ಮಣ್ಣಲ್ಲೇ ಉಳಿಯುತ್ತದೆ. ದೊಡ್ಡಮ್ಮನ ಹೊಲಕ್ಕೆ ಒಬ್ಬ ಆಳೂ ಸಿಕ್ಕಿರಲಿಲ್ಲ. ಈ ಬೆಳೆ ಕೈಬಿಟ್ಟರೆ ಹೊಲವನ್ನು ಮೇಲಿನ ಮನೆಯವರಿಗೆ ಗುತ್ತಿಗೆ ಕೊಡುವುದಾಗಿ ಅವಳು ಮಗನಿಗೆ ಮಾತು ಕೊಟ್ಟುಬಿಟ್ಟಿದ್ದಳು.

"ಅವರು ಅಡಿಕೆ ಇಡ್ತಾರೆ. ಅಡಿಕೆ ಇಟ್ಟ ಮ್ಯಾಲೆ ನಾನು ಆ ಹೊಲ್ದಾಗೆ ಏನು ಮಾಡ್ಲಿ, ನೆಳ್ಳಾಗೆ ಮಲಗ್ಲಾ?" ಎಂದಳು ಬದುವಿನ ಮೇಲೆ ಕೂತು. ಅವಳ ದನಿ ಇಳಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಸಂಜೆ ನಮ್ಮ ಮನೆ ಬಾಗಿಲಿಗೆ ಬಂದು, "ಬಾರೆ, ಹೋಗಾಣ" ಎಂದಳು. ಎಲ್ಲಿಗೆ ಎಂದು ಹೇಳಲಿಲ್ಲ. ನಡೆದದ್ದು ಕಾಲೋನಿಯ ಕಡೆಗೆ. ಅಲ್ಲಿ ನಾವು ಅಕ್ಕ ಎಂದು ಕರೆಯುತ್ತಿದ್ದ ಹೆಂಗಸೊಬ್ಬಳಿದ್ದಳು, ವರ್ಷಗಟ್ಟಲೆ ನಮ್ಮ ಹೊಲಗಳಿಗೆ ಕೂಲಿಗೆ ಬಂದವಳು. ಅವಳಿಗೆ ಸರ್ಕಾರದಿಂದ ಸಿಕ್ಕ ಜಮೀನಿತ್ತು, ಅದರಲ್ಲೂ ಶೇಂಗಾ ನಿಂತಿತ್ತು. ವಾರಗಿತ್ತಿಯರೆಲ್ಲ ವ್ಯಾನು ಹತ್ತಿದ್ದರಿಂದ ಅವಳಿಗೂ ಆಳು ಸಿಕ್ಕಿರಲಿಲ್ಲ.

"ನಿನ್ ಹೊಲಕ್ಕೆ ಯಾವಾಗ ಕೈ ಹಾಕ್ತೀಯ ತಂಗಿ?" ಎಂದಳು ದೊಡ್ಡಮ್ಮ.

"ಆಳು ಸಿಕ್ಕಿದ ದಿನ, ಅವ್ವ."

"ನಾಳೆ ನಾವಿಬ್ರು ಬರ್ತೀವಿ. ಮುಗಿದ ಮ್ಯಾಲೆ ನೀವು ನನ್ ಹೊಲಕ್ಕೆ ಬರ್ರಿ."

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಊರಿನವರು ಕಾಲೋನಿಯವರ ಹೊಲಕ್ಕೆ ದುಡಿಯಲು ಹೋದದ್ದನ್ನು ಅವಳೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. "ಕೂಲಿ ಲೆಕ್ಕ ಹೆಂಗೆ ಅವ್ವ?" ಎಂದು ಮೆಲ್ಲಗೆ ಕೇಳಿದಳು.

"ಕೂಲಿ ಯಾರು ಕೇಳಿದ್ರು? ಮುಯ್ಯಿ."

ಅಕ್ಕ ನೆಟ್ಟಗೆ ನಿಂತಳು. ಆ ನಿಲುವು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. "ಹಂಗಾದ್ರೆ ಒಂದು ಮಾತು ಅವ್ವ. ಮುಯ್ಯಿ ಅಂದ್ರೆ ಬುತ್ತಿ ಹೊಲದವರದು. ನೀವು ಡಬ್ಬಿ ಕಟ್ಕೊಂಡು ಬರಂಗಿಲ್ಲ."

ನಾನು ದೊಡ್ಡಮ್ಮನ ಮುಖ ನೋಡಿದೆ. ಅವಳು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, "ಉಪ್ಪು ಕಮ್ಮಿ ಹಾಕು. ನಂಗೆ ಬಿಪಿ ಐತೆ" ಎಂದಳು. ಹೇಳಿ ತಿರುಗಿ ಹೊರಟೇಬಿಟ್ಟಳು.

ಮನೆಯಲ್ಲಿ ನನ್ನ ಅವ್ವ ಒಪ್ಪಲಿಲ್ಲ. ಹೋಗುವುದಾದರೆ ಹೋಗು, ಉಣ್ಣದೆ ಬಾ ಎಂದಳು. ಮಧ್ಯಾಹ್ನದವರೆಗೆ ಬಗ್ಗಿ ಶೇಂಗಾ ಕಿತ್ತವರಿಗೆ ಈ ಮಾತು ಹೇಳಿ ನೋಡಬೇಕು. ಮರುದಿನ ತನ್ನ ಹೊಲದ ಬೇವಿನ ಮರದ ಕೆಳಗೆ ಅಕ್ಕ ಬುತ್ತಿ ಬಿಚ್ಚಿದಾಗ ಹುರುಳಿಕಾಳು ಸಾರಿನ ಘಮಕ್ಕೆ ನನ್ನ ಅವ್ವನ ಮುಖವೇ ಮರೆತುಹೋಯಿತು. ನಮಗೆ ಮುಜುಗರ ಆಗದಿರಲಿ ಎಂದು ಅಕ್ಕ ಅಂಗಡಿಯಿಂದ ಕಾಗದದ ತಟ್ಟೆ ತರಿಸಿದ್ದಳು. ದೊಡ್ಡಮ್ಮ ಅದನ್ನು ಪಕ್ಕಕ್ಕೆ ಸರಿಸಿ, "ಇದ್ರಾಗೆ ಮುದ್ದೆ ಮುರಿಯಕ್ಕಾಗ್ತದೇನೆ? ನೀನು ಉಣ್ಣೋ ತಟ್ಟೆ ಕೊಡು" ಎಂದಳು. ಉಂಡಳು. ಎರಡನೇ ಮುದ್ದೆಗೆ ಕೈ ಚಾಚಿದ ಮೇಲೆಯೇ ಅಕ್ಕ ತಾನೂ ಉಣ್ಣಲು ಕೂತದ್ದು. ಸಾರು ನಿಜವಾಗಿಯೂ ಸಪ್ಪೆಯಾಗಿತ್ತು. ನನಗೆ ಬಿಪಿ ಇರಲಿಲ್ಲ, ಆದರೂ ಉಪ್ಪು ಕೇಳಲಿಲ್ಲ.

ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಮೇಲಿನ ಮನೆಯ ಯಜಮಾನರು ದಾರಿಯಲ್ಲಿ ಬೈಕು ನಿಲ್ಲಿಸಿ, "ಏನವ್ವ, ಕಾಲೋನೀಲಿ ಉಂಡ್ಯಂತೆ?" ಎಂದರು.

"ಹೂನಪ್ಪ. ನಿಮ್ಮನೆ ಹೆಣ್ಮಕ್ಕಳನ್ನ ನಾಳೆ ಹೊಲಕ್ಕೆ ಕಳಿಸ್ರಿ, ನಿಮ್ಮನೇಲೂ ಉಣ್ತೀನಿ."

ಬೈಕು ಮುಂದೆ ಹೋಯಿತು.

ಆ ಭಾನುವಾರ ಗಾರ್ಮೆಂಟ್ಸಿಗೆ ರಜ. ಅಕ್ಕ ತನ್ನ ವಾರಗಿತ್ತಿಯರನ್ನೆಲ್ಲ ಕರೆದುಕೊಂಡು ದೊಡ್ಡಮ್ಮನ ಹೊಲಕ್ಕೆ ಇಳಿದಳು. ನೆಲ ಬಿಗಿಯುವ ಮೊದಲು ಕಾಯಿ ಮೇಲೆ ಬಂತು. ದೊಡ್ಡಮ್ಮ ಅವರನ್ನು ಬದುವಿನ ಮೇಲೆ ಕೂರಿಸಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ನಡುಮನೆಯಲ್ಲಿ, "ಕುಂತ್ಕಳ್ರಿ" ಎಂದು ಸಾಲಾಗಿ ಕೂರಿಸಿ ಬಡಿಸಿದಳು. ಹೊಲ ಉಳಿಯಿತು. ಮರುವರ್ಷವೂ ಹಾಗೇ ನಡೆಯಿತು, ಅದರ ಮುಂದಿನ ವರ್ಷವೂ. ನಮ್ಮ ಅವ್ವನೂ ಹೋದಳು, ಗೊಣಗಿಕೊಂಡೇ. ಊರು ಬದಲಾಗಲು ದೊಡ್ಡ ಮನಸ್ಸೇ ಬೇಕೆಂದಿಲ್ಲ, ಹೊಲದಲ್ಲಿ ಕೆಲಸ ನಿಂತಿದ್ದರೂ ಸಾಕು ಎಂದು ನಾನು ಕಲಿತದ್ದು ಅಲ್ಲಿ.

ನಾನು ಮದುವೆಯಾಗಿ ಹಿರಿಯೂರಿಗೆ ಬಂದೆ. ಕೆಲವು ವರ್ಷಗಳ ನಂತರ ದೊಡ್ಡಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆ ಸುಗ್ಗಿಯೆಲ್ಲ ಹಾಸಿಗೆಯಲ್ಲೇ ಕಳೆಯಿತು. ಮುಂದಿನ ವರ್ಷದ ಬಿತ್ತನೆಯನ್ನು ಕೋಲೂರಿಕೊಂಡು ನಿಂತು ಮಾಡಿಸಿದಳು. ಕೀಳುವುದನ್ನು ನೋಡಲಿಲ್ಲ...

ಅವಳಿಲ್ಲದ ಹೊಲದ ಮುಂದೆ ಮಗ ಕೈಚೆಲ್ಲಿ ನಿಂತಿದ್ದ. ನಾನೂ ಹೋಗಿದ್ದೆ. ಅಷ್ಟರಲ್ಲಿ ಅಕ್ಕ ತನ್ನವರನ್ನೆಲ್ಲ ಕಟ್ಟಿಕೊಂಡು ಬಂದು ಸಾಲು ಹಿಡಿದಳು. ಸಂಜೆ ಮಗ ಕೂಲಿ ಎಷ್ಟು ಎಂದು ಕೇಳಿದ.

"ಕೂಲಿ ಯಾಕಣ್ಣ? ಹೋದ ವರ್ಷ ಅವ್ವ ನಮ್ ಹೊಲಕ್ಕೆ ಬಂದಿದ್ದು ಹಂಗೇ ಉಳ್ಕಂಡಿತ್ತು. ಅದನ್ನ ತೀರ್ಸಿದ್ವಿ" ಎಂದಳು ಅಕ್ಕ.

ಹೋದ ವರ್ಷ ದೊಡ್ಡಮ್ಮ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು, ಮಗನಿಗೂ ಗೊತ್ತಿತ್ತು. ಅವನು ಆಚೆ ತಿರುಗಿ ಕಣ್ಣೊರೆಸಿಕೊಂಡ.

ಈಗ ಆ ಹೊಲದಲ್ಲಿ ಅಡಿಕೆ ಇದೆ, ನಮ್ಮದರಲ್ಲೂ ಇದೆ. ನಡುವಿನ ಬದು ಯಾವಾಗಲೋ ಜೆಸಿಬಿಗೆ ಹೋಯಿತು. ಬೆಳೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಅಲ್ಲಿಗೆ ಹೋದಾಗಲೆಲ್ಲ ದೊಡ್ಡಮ್ಮ ಎಲ್ಲಿ ಕೂರುತ್ತಿದ್ದಳು ಎಂದು ಹುಡುಕುತ್ತೇನೆ. ಗೊತ್ತಾಗುವುದಿಲ್ಲ.

ಕೌಂಟರಿನ ಮೇಲಿನ ಗಿಡದ ಕಾಯಿ ಒಡೆದು ನೋಡಿದೆ, ಚೆನ್ನಾಗಿ ಬಲಿತಿತ್ತು. "ಕೀಳೋ ಕಾಲಕ್ಕೆ ಔಷಧ ಯಾಕಮ್ಮ? ದುಡ್ಡು ಉಳಿಸ್ಕೊ" ಎಂದೆ. ಯಾವ ಊರು, ಯಾರ ಮನೆ ಎಂದು ಕೇಳಿದರೆ ನಮ್ಮೂರ ಹೆಸರು ಹೇಳಿದಳು. ಅಕ್ಕನ ಸೊಸೆ. ಮದುವೆಯಾಗಿ ಬಂದು ಎರಡೇ ವರ್ಷ. ಅತ್ತೆಗೆ ಮಂಡಿ ನೋವು, ಹೊಲಕ್ಕೆ ಬರುವುದಿಲ್ಲ, ಭಾನುವಾರ ಕೀಳಬೇಕು ಎಂದಳು.

ನಾನು ಯಾರ ಮಗಳೆಂದು ಹೇಳಿ, "ಭಾನುವಾರ ನಾನೂ ಬರ್ತೀನಿ" ಎಂದೆ.

ಅವಳು ನಕ್ಕಳು. "ನಿಮ್ದು ಅಡಿಕೆ ತೋಟ ಅಲ್ವೇನಕ್ಕ, ನಾವೆಂಗೆ ಮುಯ್ಯಿ ತೀರ್ಸದು? ಬರ್ರಿ, ಡಬ್ಬಿ ಮಾತ್ರ ತರಬ್ಯಾಡ್ರಿ. ಸಾರು ಒಂಚೂರು ಸಪ್ಪಗಿರ್ತದೆ. ಶೇಂಗಾ ಕೀಳೋ ದಿನ ನಮ್ಮತ್ತೆ ಉಪ್ಪು ಜಾಸ್ತಿ ಹಾಕಕ್ಕೆ ಬಿಡಲ್ಲ. ಯಾಕಂತ ನಂಗೂ ಗೊತ್ತಿಲ್ಲ."

ನನಗೆ ಗೊತ್ತಿತ್ತು. ಸ್ಟೂಲು ಎಳೆದು ಅವಳನ್ನು ಕೂರಿಸಿ, ಒಂದು ಲೋಟ ನೀರು ಕುಡಿದು, ಆಮೇಲೆ ಹೇಳತೊಡಗಿದೆ.