ಒಂದು ದಿನದ ತಂಗಿ

ಬಾಡಿಗೆ ಮನೆಯ ಮಾಲೀಕರಲ್ಲಿ ಒಳ್ಳೆಯವರೂ ಇರುತ್ತಾರೆ ಎಂದು ಕೇಳಿದ್ದೇನೆ. ನಮಗೆ ಸಿಕ್ಕಿದ್ದವನು ಆ ಜಾತಿಯವನಲ್ಲ. ನಾಲ್ಕು ವರ್ಷ ಅವನ ಮನೆಯ ಕೆಳಗಿನ ಭಾಗದಲ್ಲಿ ಇದ್ದೆವು. ಆ ನಾಲ್ಕು ವರ್ಷದಲ್ಲಿ ಅವನು ನನ್ನನ್ನು ತನಗೆ ಬೇಕಾದ ಒಂದೆರಡು ದಿನ ಮಾತ್ರ ತಂಗಿ ಎಂದು ಕರೆದ. ಉಳಿದ ದಿನಗಳಲ್ಲೆಲ್ಲ ನಾನು ಅವನಿಗೆ ಬರೀ "ಕೆಳಗ್ಲ ಮನೆ". "ಕೆಳಗ್ಲ ಮನೆ ನೀರು ಜಾಸ್ತಿ ಬುಡ್ತೈತೆ," "ಕೆಳಗ್ಲ ಮನೆ ಚಪ್ಲಿ ದಾರೀಲೈತೆ," ಹೀಗೆ. ನಾನು ಎದುರಿಗೇ ನಿಂತಿದ್ದರೂ ಅಷ್ಟೇ, ಹೆಂಡತಿಯ ಕಡೆ ತಿರುಗಿ ಹೇಳುತ್ತಿದ್ದ.

ಮನೆ ಇದ್ದದ್ದು ಮೆಟ್ಟೂರಿನಲ್ಲಿ. ನನ್ನ ಗಂಡನಿಗೆ ಅಲ್ಲಿ ಕಾಂಟ್ರಾಕ್ಟ್ ಕೆಲಸ. ನಾನು ನಲ್ಲಂಪಳ್ಳಿ ಕಡೆಯ ಹಳ್ಳಿಯವಳು, ಹೊಲಿಗೆ ಕಲಿತವಳು. ಮುಂದಿನ ಕೋಣೆಯಲ್ಲಿ ಎರಡು ಮೆಷಿನ್ನು, ಒಂದು ಆರಿ ಕಸೂತಿಯ ಚೌಕಟ್ಟು ಹಾಕಿಕೊಂಡು ಮದುವೆ ಬ್ಲೌಸು ಹೊಲಿಯುತ್ತಿದ್ದೆ. ಬೀದಿಗೆ ಬಾಗಿಲಿದ್ದ ಕೋಣೆ ಬೇಕೆಂದೇ ಆ ಮನೆ ಹಿಡಿದದ್ದು. ಗಿರಾಕಿಗಳಿಗೆ ನನ್ನ ಹೆಸರು ಗೊತ್ತಿರಲಿಲ್ಲ, ಆ ಬಾಗಿಲು ಗೊತ್ತಿತ್ತು.

ಮನೆ ನೋಡಲು ಹೋದ ದಿನ ನಾವಿಬ್ಬರೂ ನಮ್ಮೊಳಗೆ ಕನ್ನಡದಲ್ಲಿ ಪಿಸುಗುಟ್ಟಿದ್ದು ಅವನ ಕಿವಿಗೆ ಬಿತ್ತು. "ಓಹೋ, ನಮ್ಮೋರಾ!" ಎಂದು ಹಲ್ಲು ಕಿರಿದ. ಅವನದು ಹೊಗೆನಕಲ್ ಕಡೆಯ ಊರಂತೆ. ನನ್ನ ಗಂಡ ಅಲ್ಲೇ ಕರಗಿಹೋದ. ಹಗಲೆಲ್ಲ ಕೆಲಸದ ಗೇಟಿನಲ್ಲಿ, ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ತಮಿಳು ಮಾತಾಡಿ ಬರುವ ಮನುಷ್ಯನಿಗೆ ಮನೆ ಮಾಲೀಕ ಕನ್ನಡ ಆಡಿದರೆ ಅದೇ ದೊಡ್ಡ ವರ. ಬಾಡಿಗೆ ಕರಾರು ಬರೆಸೋಣವೇ ಎಂದು ನಾನು ಕೇಳಿದ್ದಕ್ಕೆ ಮಾಲೀಕ ನೊಂದವನಂತೆ ಮುಖ ಮಾಡಿದ. "ನಮ್ಮೋರ್ ನಮ್ಮೋರ್ಗೆ ಪತ್ರ ಯಾಕಮ್ಮ? ಅದೆಲ್ಲ ತಮಿಳ್ರ ತಾವ ಮಾಡ್ಕೊ." ಎಷ್ಟೋ ತಮಿಳು ಮನೆಗಳಲ್ಲಿ ಸ್ಟಾಂಪ್ ಪೇಪರ್ ಕೇಳಿ ಪಡೆದವಳು ನಾನು, ಆವತ್ತು ಬಾಯಿ ಮುಚ್ಚಿಕೊಂಡೆ. ನನಗೂ ಖುಷಿಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ನಮ್ಮೋರು ಎಂದವನು ಒಂದು ವಾರಕ್ಕೇ ಪೇಂಟರನ್ನು ಕರೆಸಿದ. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದ ತಮಿಳಿನಲ್ಲಿ ಬರೆಸಿದ: "ಬಾಡಿಗೆಗೆ ಇರುವವರು ಮಹಡಿಗೆ ಬರಕೂಡದು. ಬಟ್ಟೆ ಒಣಗಿಸಕೂಡದು. ಇಂತಿ, ಹೌಸ್ ಓನರ್." ಕೆಳಗೆ ಕಲೆಕ್ಟರ ಆಜ್ಞೆಯ ಹಾಗೆ ತಾರೀಖು ಬೇರೆ. ಆ ಮನೆಯಲ್ಲಿ ಬಾಡಿಗೆಗೆ ಇದ್ದವರು ನಾವಿಬ್ಬರೇ. ಕರೆದು ಹೇಳಿದ್ದರೆ ಸಾಕಿತ್ತು. ಆದರೆ ಕರೆದು ಹೇಳಿದರೆ ಬೀದಿಯಲ್ಲಿ ಹೋಗುವವರಿಗೆ ಓದಲಾಗುವುದಿಲ್ಲವಲ್ಲ.

ಮೂರನೆಯ ವರ್ಷ ಅವನಿಗೆ ಲಾರಿ ಕೊಳ್ಳುವ ಹುಚ್ಚು ಹತ್ತಿತು. ಮನೆಯನ್ನು ಬ್ಯಾಂಕಿಗೆ ಅಡವಿಡಲು ಹೊರಟ. ಒಂದು ಸಂಜೆ ಮೊದಲ ಬಾರಿಗೆ ನಮ್ಮ ಹೊಸಿಲು ದಾಟಿ ಬಂದು ನನ್ನ ಕುರ್ಚಿಯಲ್ಲಿ ಕುಳಿತ.

"ನಾಳೆ ಬ್ಯಾಂಕ್‌ನೋರು ಬತ್ತಾರೆ, ತಂಗಿ. ಬಾಡ್ಗೆಗೆ ಬುಟ್ಟಿದೀನಿ ಅಂದ್ರೆ ಲೋನು ಇಳಿಸ್ಬುಡ್ತಾರೆ. ಒಂದ್ ದಿನ ನೀನು ನನ್ ಒಡುಟ್ಟಿದ್ ತಂಗಿ. ಇವ್ರು ನಮ್ ಮಾಪ್ಳೆ, ತಂಗಿ ಗಂಡ. ಅಷ್ಟೇ. ನಾವು ನಾವು ಕನ್ನಡ ಮಾತಾಡ್ತಿದ್ರೆ ಯಾವೋನ್ಗೆ ಡೌಟು ಬತ್ತದೆ?"

ಮಾರನೆಯ ದಿನ ಗೋಡೆಯ ಬರಹದ ಮೇಲೆ ಮುರುಗನ ದೊಡ್ಡ ಕ್ಯಾಲೆಂಡರು ಬಂತು. ನನ್ನ ಮೆಷಿನ್ನುಗಳ ಮೇಲೆ ಬೆಡ್‌ಶೀಟು ಬಿತ್ತು. ಬ್ಯಾಂಕಿನವರು ಬಂದಾಗ ನಾನು ಮಹಡಿಯಲ್ಲಿ, ಅವನ ಹೆಂಡತಿಯ ಅಡುಗೆಮನೆಯಲ್ಲಿ, ಅವಳ ಲೋಟಗಳಲ್ಲಿ ಕಾಫಿ ಸುರಿಯುತ್ತಿದ್ದೆ. "ನಮ್ ತಂಗಿ ಕಾಫಿ ಕುಡೀರಿ ಸಾರ್," ಎಂದು ಅವನು ತಮಿಳಿನಲ್ಲಿ ಬೆಣ್ಣೆ ಹಚ್ಚುತ್ತಿದ್ದ. ನನ್ನ ಗಂಡ ನಿಜವಾದ ಮಾಪ್ಳೆಯ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇಂಗ್ಲಿಷಿನ ಒಂದು ಕಾಗದ ಮುಂದಿಟ್ಟರು. ಮನೆಯಲ್ಲಿ ಮಾಲೀಕರ ಕುಟುಂಬ ಬಿಟ್ಟು ಬೇರೆ ಯಾರೂ ಇಲ್ಲ, ನಾನು ಅವರ ತಂಗಿ ಎಂದು ಅದರಲ್ಲಿತ್ತಂತೆ. ಸಹಿ ಮಾಡಿದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ.

ಮರುದಿನ ಬೆಳಿಗ್ಗೆ ಕ್ಯಾಲೆಂಡರು ಇರಲಿಲ್ಲ. ಒದ್ದೆ ಲಂಗವೊಂದನ್ನು ಮೆಟ್ಟಿಲ ಕಂಬಿಗೆ ಹಾಕಿದ್ದೆ. "ಬರ್ದಿರೋದು ಕಾಣ್ಸಲ್ವಾ ಕೆಳಗ್ಲ ಮನೆಗೆ?" ಎಂದು ಮೇಲಿನಿಂದ ಕೇಳಿಸಿತು. ಅಣ್ಣನ ಪ್ರೀತಿ ಒಂದು ರಾತ್ರಿಯೂ ಬಾಳಲಿಲ್ಲ.

ಲಾರಿ ಎಷ್ಟು ದಿನ ಓಡಿತೋ, ಕಂತು ಎಲ್ಲಿ ನಿಂತಿತೋ ನನಗೆ ಗೊತ್ತಿಲ್ಲ. ಗೇಟಿಗೆ ಒಮ್ಮೆ ನೋಟಿಸು ಅಂಟಿಸಿದ್ದರು. ಕೇಳಿದರೆ "ಕರೆಂಟ್ ಆಫೀಸ್‌ದು" ಎಂದು ಕಿತ್ತು ಜೇಬಿಗೆ ಹಾಕಿಕೊಂಡ. ನಿಜ ತಿಳಿದದ್ದು ಒಬ್ಬ ಗಿರಾಕಿಯಿಂದ. ಮಗಳ ಮುಹೂರ್ತದ ಬ್ಲೌಸಿಗೆ ಕೊಟ್ಟ ರೇಷ್ಮೆ ಬಟ್ಟೆ ವಾಪಸ್ಸು ಕೇಳಲು ಬಂದಿದ್ದಳು, ಪೇಪರನ್ನು ಮಡಿಸಿ ತಂದಿದ್ದಳು. ಜಾಹೀರಾತಿನಲ್ಲಿ ಅವನ ಹೆಸರು, ನಮ್ಮ ಬಾಗಿಲ ನಂಬರು. ಮನೆ ಬ್ಯಾಂಕಿನ ವಶ ಎಂದು ಅಚ್ಚಾಗಿತ್ತು.

"ಸೀಲ್ ಮಾಡಿದರೆ ನನ್ನ ಮಗಳ ಬಟ್ಟೆ ಒಳಗೇ ಉಳಿಯುತ್ತಲ್ಲಮ್ಮ," ಎಂದಳು. ಅವಳ ಬಟ್ಟೆ ಕೊಟ್ಟು ಕಳಿಸಿದೆ. ಯಾರೂ ಬಂದು ಕೇಳಿರದ ಇನ್ನೂ ಮೂವತ್ತು ಮದುವೆಯ ಬಟ್ಟೆ ಒಳಗಿತ್ತು. ಅರ್ಧ ಕತ್ತರಿಸಿದ್ದು, ಅರ್ಧ ಚೌಕಟ್ಟಿಗೆ ಬಿಗಿದದ್ದು. ಅದು ಬೀಗದೊಳಗೆ ಹೋದರೆ ಆ ಊರಿನಲ್ಲಿ ನಾನು ಮತ್ತೆ ಸೂಜಿ ಹಿಡಿಯುವ ಹಾಗಿರಲಿಲ್ಲ.

ಮಹಡಿ ಹತ್ತಿದೆ. ಗೋಡೆಯ ಬರಹವನ್ನು ದಾಟಿ ಹತ್ತಿದೆ. ಅವನು ಬನಿಯನ್ನಿನಲ್ಲಿ ಕೂತು ಟಿವಿ ನೋಡುತ್ತಿದ್ದ. "ಅದೆಲ್ಲ ಸುಮ್ನೆ ಫಾರ್ಮಾಲಿಟಿ. ಬಂದ್ರೆ ತಂಗಿ ಅಂತ್ಲೇ ಏಳು. ಫ್ಯಾಮಿಲಿ ಅಂದ್ರೆ ಇರಕ್ಕಂ ಬರುತ್ತೆ, ಟೈಮ್ ಕೊಡ್ತಾರೆ," ಎಂದ. ಇರಕ್ಕವಂತೆ, ಕನಿಕರ! ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಉಗಿಯಬೇಕೆನ್ನಿಸಿತು.

ನನ್ನ ಗಂಡ ಎರಡು ದಿನ ಮಂಕು ಬಡಿದು ಕೂತ. ಅವನನ್ನು ಕಾಯುತ್ತಾ ಕೂರಲು ನನಗೆ ಪುರುಸೊತ್ತು ಇರಲಿಲ್ಲ. ಕೋರ್ಟಿನ ಪಕ್ಕದ ಉಚಿತ ಕಾನೂನು ಸಹಾಯದ ಕಚೇರಿಗೆ ಹೋದೆ. ಚಿಕ್ಕ ವಯಸ್ಸಿನ ವಕೀಲೆ ತಾಳ್ಮೆಯಿಂದ ಕೇಳಿದಳು. ಸಾಲಕ್ಕಿಂತ ಮೊದಲೇ ಬಂದ ಬಾಡಿಗೆದಾರರನ್ನು ಒಂದೇ ದಿನದಲ್ಲಿ ಹೊರಗೆ ಹಾಕುವ ಹಾಗಿಲ್ಲ, ನಿಮ್ಮ ಮಾತು ಕೇಳಲೇಬೇಕು, ಎಂದಳು. ನನಗೆ ಉಸಿರು ಬಂತು. ಗ್ಯಾಸಿನ ಪುಸ್ತಕ, ರೇಷನ್ ಕಾರ್ಡು ತೆಗೆದಿಟ್ಟೆ.

"ಇದರಿಂದ ನೀವು ಅಲ್ಲಿದ್ದೀರಿ ಅಂತ ಆಗುತ್ತೆ ಅಕ್ಕ. ತಂಗಿ ಮನೆಗೂ ಗ್ಯಾಸ್ ಬರುತ್ತಲ್ಲ. ಬಾಡಿಗೆಗೆ ಇದ್ದೀರಿ ಅನ್ನೋದಕ್ಕೆ ಏನಿದೆ?"

ಬಾಡಿಗೆ ಕೈಯಲ್ಲೇ ಕೊಡುತ್ತಿದ್ದೆವು. ರಸೀದಿ ಕೇಳಿದರೆ ನಮ್ಮೋರಾಗುತ್ತಿರಲಿಲ್ಲ. ನಾನು ಯೋಚಿಸಿದೆ, ಯೋಚಿಸಿ ನಕ್ಕುಬಿಟ್ಟೆ. ಆ ಹುಡುಗಿ ಗಾಬರಿಯಾಗಿ ನೋಡಿದಳು. ಗೋಡೆಯ ಸಂಗತಿ ಹೇಳಿದೆ. "ಅದನ್ನು ಅಳಿಸೋಕೆ ಬಿಡಬೇಡಿ," ಎಂದಳು.

ಮನೆಗೆ ಬೀಗ ಹಾಕುವವರು ಬಂದದ್ದು ಒಂದು ಬೆಳಿಗ್ಗೆ. ಕೋರ್ಟು ನೇಮಿಸಿದ ವಕೀಲರು, ಅವರನ್ನು ಕಮಿಷನರ್ ಎನ್ನುತ್ತಾರೆ, ಜೊತೆಗೆ ಬ್ಯಾಂಕಿನವರು, ಒಬ್ಬ ಮಹಿಳಾ ಪೊಲೀಸು, ಬೀಗದವನು. ಜೀಪು ತಿರುವಿನಲ್ಲಿ ಕಂಡದ್ದೇ ಮಾಲೀಕ ಎರಡೆರಡು ಮೆಟ್ಟಿಲು ಇಳಿದು ಗೋಡೆಗೆ ಕ್ಯಾಲೆಂಡರು ತಗುಲಿಸಿದ. ಅಷ್ಟು ಚುರುಕಾಗಿ ಅವನು ಲಾರಿ ಕಂತು ಕಟ್ಟಿದ್ದರೆ ಈ ಜೀಪೇ ಬರುತ್ತಿರಲಿಲ್ಲ.

ನಾನು ಬಾಡಿಗೆದಾರಳು ಎಂದೆ. ಬ್ಯಾಂಕಿನವರು ಫೈಲು ತೆರೆದು ನನ್ನ ಸಹಿ ತೋರಿಸಿದರು.

"ಆವತ್ತು ತಂಗಿ, ಇವತ್ತು ಬಾಡಿಗೆದಾರಳಾ? ಯಾವುದನ್ನು ನಂಬೋದು?" ಕಮಿಷನರ್ ತಮಿಳಿನಲ್ಲೇ ಕೇಳಿದರು, ಗದರದೆ.

"ಆವತ್ತು ಸುಳ್ಳು ಹೇಳಿದೆ ಸಾರ್. ಸಹಿ ನಂದೇ. ತಪ್ಪೂ ನಂದೇ. ಆದರೆ ಇಲ್ಲಿ ಬನ್ನಿ."

ಕ್ಯಾಲೆಂಡರು ಎತ್ತಿ ಹಿಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು. ತಾರೀಖು ಬಂದಾಗ ನಿಲ್ಲಿಸಿ, ಫೈಲಿನಲ್ಲಿ ಸಾಲದ ತಾರೀಖು ನೋಡಿದರು.

"ಒಡಹುಟ್ಟಿದ ತಂಗಿಗೆ ಯಾರಾದರೂ ಹೀಗೆ ಬರೆಸುತ್ತಾರಾ ಸಾರ್?" ಎಂದೆ. ಮಹಿಳಾ ಪೊಲೀಸು ಮುಖ ತಿರುಗಿಸಿಕೊಂಡು ನಕ್ಕಳು. ಕಮಿಷನರ್ ನಗಲಿಲ್ಲ, ಫೋನಿನಲ್ಲಿ ಎರಡು ಫೋಟೋ ತೆಗೆದರು. ಬ್ಯಾಂಕಿನವರ ಜೊತೆ ಬಹಳ ಹೊತ್ತು ಮಾತಾಡಿದರು. ಕೊನೆಗೆ ಕೆಳಗಿನ ಭಾಗದಲ್ಲಿ ಸಾಲಕ್ಕೂ ಮೊದಲಿನ ಬಾಡಿಗೆದಾರರಿದ್ದಾರೆ, ಅವರಿಗೆ ಖಾಲಿ ಮಾಡಲು ಎರಡು ತಿಂಗಳು, ಎಂದು ಬರೆದುಕೊಂಡು ನನಗೆ ಓದಿ ಹೇಳಿದರು. ನನ್ನ ಸುಳ್ಳನ್ನೂ ಬರೆದುಕೊಂಡರು. ಬರೆಯಲಿ. ಮೂವತ್ತು ಮದುವೆಯ ಬ್ಲೌಸು ಮುಗಿಸಲು ಎರಡು ತಿಂಗಳು ನನಗೆ ಸಾಕಾಗಿತ್ತು.

ಮಹಡಿಗೆ ಅಂದೇ ಬೀಗ. ಮಾಲೀಕನಿಗೆ ಸಾಮಾನು ತೆಗೆಯಲು ಮಧ್ಯಾಹ್ನದವರೆಗೆ ಸಮಯ ಕೊಟ್ಟರು. ಅವನ ಹೆಂಡತಿ ಒಂದು ಪಾತ್ರೆಯ ಚೀಲ ಹಿಡಿದು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ನಾಲ್ಕು ವರ್ಷದಲ್ಲಿ ಅವಳು ನನಗೆ ಕೆಟ್ಟದ್ದೂ ಹೇಳಿದವಳಲ್ಲ, ಒಳ್ಳೆಯದೂ ಹೇಳಿದವಳಲ್ಲ. ಅವಳಿಗೆ ಕುರ್ಚಿ ಹಾಕಿ ನೀರು ಕೊಟ್ಟೆ.

ಒಳಗೆ ಬಂದು ನೋಡಿದರೆ ನನ್ನ ಕಸೂತಿಯ ಚೌಕಟ್ಟು ಗೋಡೆಗೆ ಒರಗಿತ್ತು. ಅದರ ಜಾಗದಲ್ಲಿ ಅವನ ಟಿವಿ, ಹಾಸಿಗೆ ಸುರುಳಿ. ಇನ್ನೊಂದು ಪೆಟ್ಟಿಗೆ ಹೊತ್ತು ನನ್ನ ಹೊಸಿಲಲ್ಲಿ ಅವನೇ ನಿಂತಿದ್ದ. "ಎರಡ್ ತಿಂಗ್ಳು ಸಿಕ್ಕೈತಲ್ಲ ತಂಗಿ, ನಾವೂ ಇಲ್ಲೇ ಒಂದ್ ಮೂಲೇಲಿ ಇದ್ಬುಡ್ತೀವಿ. ನಮ್ಮೋರು ಬೀದೀಲಿ ಬಿದ್ರೆ ಚೆಂದಾನಾ?"

ಅವನ ನಾಲಿಗೆ ಅಷ್ಟು ಸಲೀಸಾಗಿ ಆಡಿದ್ದು ಕಂಡು ನನಗೆ ಸಿಟ್ಟೂ ಬರಲಿಲ್ಲ, ಅಸಹ್ಯವಾಯಿತು. ಅಷ್ಟರಲ್ಲಿ ಕಮಿಷನರ್ ಬಾಗಿಲಿಗೆ ಬಂದು ಪೆಟ್ಟಿಗೆಯ ಕಡೆ ನೋಡಿದರು. ಇವರು ನಿಮಗೆ ಏನಾಗಬೇಕು, ಇಲ್ಲಿಗೆ ಯಾಕೆ ಸಾಮಾನು ತರುತ್ತಿದ್ದಾರೆ, ಎಂದು ಕೇಳಿದರು.

"ನಾನ್ ಇವಂಗ ಅಣ್ಣನ್ ಸಾರ್," ಎಂದ ಅವನು, ನಾನು ಇವರ ಅಣ್ಣ ಸಾರ್ ಎಂದು, ತಡವರಿಸದೆ.

ಕಮಿಷನರ್ ನನ್ನ ಕಡೆ ತಿರುಗಿ, ಹೌದಾ ಎನ್ನುವಂತೆ ನೋಡಿದರು. ನನ್ನ ಗಂಡ ನೆಲ ನೋಡುತ್ತಿದ್ದ. ಹೊರಗೆ ಕುರ್ಚಿಯಲ್ಲಿದ್ದ ಹೆಂಗಸೂ ಕತ್ತೆತ್ತಿದಳು.

"ಹೌಸ್ ಓನರ್, ಸಾರ್," ಎಂದೆ.