ಅವ್ವನ ಕರಡಿಗೆ

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮ ಬಾಗೇವಾಡಿ ಕಡೆಯ ರೂಢಿ. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಾನು ಬಸುರಿನಲ್ಲಿ ಬಿಪಿ ಏರಿಸಿಕೊಂಡು ಮಲಗಿದೆ. ವಿಮಾನ ಹತ್ತುವಂತಿಲ್ಲ ಎಂದರು ಡಾಕ್ಟರು. ಸರಿ, ತವರೇ ವಿಮಾನ ಹತ್ತಿತು. ನಮ್ಮೂರು ಮಸೂತಿಯಿಂದ ಅವ್ವ ಜೋಳದ ಹಿಟ್ಟು, ಅಂಟಿನುಂಡಿಯ ಸಾಮಾನು ಕಟ್ಟಿಕೊಂಡು ಬಂದಿಳಿದಳು.

ಬೇಗ ಬಂದದ್ದೇ ತೊಡಕಾಯಿತು. ಹೆರಿಗೆಗೆ ಮೊದಲೇ ಅವಳ ವೀಸಾ ಮುಗಿಯುವುದರಲ್ಲಿತ್ತು. ಅದನ್ನು ಮುಂದುವರಿಸಲು ವಿದೇಶಿಯರ ಕಚೇರಿಯಲ್ಲಿ ಸಮಯ ಸಿಗುವುದೆಂದರೆ ಪುಣ್ಯ ಬೇಕು. ಅಂತೂ ಸಿಕ್ಕಿತು. ಅದು ತಪ್ಪಿದರೆ ಅವ್ವ ಊರಿಗೆ, ನಾನು ಇಲ್ಲಿ ಒಬ್ಬಳೇ ಹೆರಿಗೆಗೆ. ಗಂಡ ಇದ್ದಾನೆ, ಇಲ್ಲವೆನ್ನುವುದಿಲ್ಲ. ಆದರೆ ಕೂಸಿಗೆ ಎರೆಯಲು ಅವನಿಗೇನು ಬರುತ್ತದೆ!

ಕಚೇರಿಯ ಬಾಗಿಲಲ್ಲಿ ತಪಾಸಣೆಯ ಯಂತ್ರ ಅವ್ವನನ್ನು ಕಂಡು ಕೂಗಿತು. ಕಾವಲಿನವನು ಅವಳ ಕೊರಳಲ್ಲಿದ್ದ ಕರಡಿಗೆಯತ್ತ ಬೆರಳು ತೋರಿಸಿ, ತೆಗೆದು ತಟ್ಟೆಯಲ್ಲಿಡಲು ಹೇಳಿದ. ಇಷ್ಟಲಿಂಗವಿಡುವ ಆ ಬೆಳ್ಳಿಯ ಡಬ್ಬಿ ಅವ್ವನ ಮೈಬಿಟ್ಟು ಹೋದದ್ದನ್ನು ನಾನು ಕಂಡಿಲ್ಲ. ವಿಮಾನ ನಿಲ್ದಾಣದಲ್ಲೂ ಕೈಯಿಂದ ತಡವಿ ನೋಡಿ ಬಿಟ್ಟಿದ್ದರಂತೆ. ಇಲ್ಲಿಯ ತಟ್ಟೆಯಲ್ಲಾದರೋ ಈಗಷ್ಟೇ ಯಾರದೋ ಬೂಟು ಹೋಗಿತ್ತು.

ನನಗೆ ಪಿತ್ತ ನೆತ್ತಿಗೇರಿತು. ಹೊಟ್ಟೆ ಹೊತ್ತುಕೊಂಡೇ ಅವನ ಮೇಲೆ ಹರಿಹಾಯ್ದೆ. ಅವನು ನಿಯಮ ಎಂದ, ಮತ್ತೆ ನಿಯಮ ಎಂದ. ಹಿಂದೆ ಸಾಲು ಬೆಳೆಯುತ್ತಿತ್ತು, ನಮ್ಮ ಸಮಯ ಮೀರುತ್ತಿತ್ತು. ಕೊನೆಗೆ ನಾನೇ ಅವ್ವನತ್ತ ತಿರುಗಿ, ಒಂದು ಗಳಿಗೆ ತೆಗೆದಿಡು ಎಂದು ಬೇಡಿಕೊಂಡೆ.

ಅವ್ವ ನನ್ನನ್ನು ಬೈಯಲೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಕರಡಿಗೆ ಬಿಚ್ಚಿದಳು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಖಾಲಿ ಡಬ್ಬಿಯನ್ನು ತಟ್ಟೆಗೆ ಹಾಕಿದಳು.

"ಬೆಳ್ಳಿ ಬೇಕಾದ್ರ ನೋಡ್ಕೊಳ್ಳಲಿ. ಲಿಂಗ ನನ್ನ ಕೈಯಾಗ ಇರ್ತೈತಿ."

ಹಾಗೇ ನಡೆದಳು. ಯಂತ್ರ ಪಿಟ್ಟೆನ್ನಲಿಲ್ಲ. ಕಾವಲಿನವನು ಅವಳ ಅಂಗೈ ನೋಡಿದ, ಮುಖ ನೋಡಿದ, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆ ಉದ್ದನೆಯ ಹಜಾರದಲ್ಲಿ ಇಳಕಲ್ ಸೀರೆಯ ನನ್ನ ಅವ್ವ ಮುಂದೆ ಮುಂದೆ ಹೋಗುತ್ತಿದ್ದರೆ, ಇವಳು ನಮ್ಮವ್ವ ಎಂದು ಎಲ್ಲರಿಗೂ ಕೂಗಿ ಹೇಳಬೇಕೆನಿಸಿತು.

ಒಳಗಿನ ಅಧಿಕಾರಿಣಿ ನನ್ನ ಹೊಟ್ಟೆ ನೋಡಿದಳು, ಡಾಕ್ಟರ ಕಾಗದ ಓದಿದಳು, ಬಾಣಂತನ ಮುಗಿಯುವವರೆಗೆ ಇರಲು ಒಪ್ಪಿಗೆ ಕೊಟ್ಟಳು.

ಮನೆಗೆ ಬರುವಾಗ ಟ್ರಾಮಿನಲ್ಲಿ ಕೇಳಿದೆ, ಆ ಕಾವಲಿನವನು ಒಳಗೆ ಬಿಡದೇ ಹೋಗಿದ್ದರೆ ಏನು ಮಾಡುತ್ತಿದ್ದೆ ಎಂದು. ಅವ್ವ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಹೊರಗ ಕುಂಡರ್ತಿದ್ನಿ. ನೀ ಒಳಗ ಹೋಗಿ ನನ್ನ ಮಾತು ಮಾತಾಡಿ ಬರ್ತಿದ್ದಿ. ಸಿಂದಗಿ ಹಾಸ್ಟೆಲ್‌ನ್ಯಾಗ ಇಟ್ಟು ಸಾಲಿ ಕಲಿಸಿದ್ದು ಮತ್ತ್ಯಾಕ?"