ಓರಗಿತ್ತಿ ತೊರಕೆಗಳು

ನನ್ನ ಅತ್ತೆ ಬಂದರಿನಲ್ಲಿ ಮೀನು ಕೊಯ್ಯುವವರು. ಮೂವತ್ತು ವರ್ಷದಿಂದ ಅದೇ ಶೆಡ್ಡು, ಅದೇ ಒದ್ದೆ ಕಟ್ಟೆ, ಕೈಯಲ್ಲಿ ಹೆಚ್ಚಾಗಿ ತೊರಕೆ ಮೀನು. ಹರಿವಾಣದಷ್ಟು ಅಗಲ, ಚಪ್ಪಟೆ, ಬಾಲದಲ್ಲಿ ವಿಷದ ಮುಳ್ಳು. ಬುತ್ತಿ ಕೊಡಲು ಹೋದಾಗಲೆಲ್ಲ ಕಂಕುಳಲ್ಲಿರುವ ಮಗುವನ್ನು ನಾನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ.

ತೊರಕೆ ಕಡಿಮೆಯಾಗುತ್ತಿದೆಯೆಂದು ಹೋದ ವರ್ಷ ಸಂಶೋಧನಾಲಯದಿಂದ ಒಬ್ಬ ಮೇಡಂ ಬಂದರು. ಪ್ರತಿ ಮೀನಿನಿಂದ ಉಗುರಿನಷ್ಟು ಮಾಂಸ ತೆಗೆದು, ಸೀಸೆಗೆ ಹಾಕಿ, ಸಾಲಾಗಿ ನಂಬರು ಬರೆದಿಡುವ ಕೆಲಸವನ್ನು ಅತ್ತೆಗೆ ಕೊಟ್ಟರು. ಅಷ್ಟರಿಂದಲೇ ಮೀನಿನ ವಂಶ ತಿಳಿಯುತ್ತದಂತೆ. ವರ್ಷ ತುಂಬಿ ಸೀಸೆಗಳು ಸಂಶೋಧನಾಲಯ ಸೇರಿದ ವಾರದಲ್ಲೇ ಮೇಡಂ ಮುಖ ಬಿಗಿದುಕೊಂಡು ಬಂದರು.

“ಅಮ್ಮ, ನಂಬರು ತೊಂಬತ್ತರವರೆಗೂ ಇದೆ. ಸೀಸೆ ಐವತ್ತನಾಲ್ಕೇ. ಉಳಿದಿದ್ದು ಎಲ್ಲಿ?”

“ಎಲ್ಲೂ ಹೋಗಿಲ್ಲ ಮೇಡಂ. ನುಣುಪಿನದಕ್ಕೆ ಎರಡು, ನಾಲ್ಕು, ಆರು. ಒರಟಿನದಕ್ಕೆ ಒಂದು, ಮೂರು, ಐದು. ಒರಟು ಸಿಗೋದೇ ಕಮ್ಮಿ.”

“ಎಲ್ಲಾ ಒಂದೇ ಜಾತಿ ಅಲ್ವಾ? ಅಕ್ಕತಂಗಿ ಥರ ಇವೆ.”

“ಅಕ್ಕತಂಗಿ ಅಲ್ಲ, ಓರಗಿತ್ತಿಯರು. ಇರೋದು ಒಂದೇ ಮನೆ, ತವರು ಬೇರೆ.”

“ಯಾರು ಹೇಳಿದ್ದು?”

“ನನ್ನ ಚಾಕು. ಒರಟಿನ ತೊಗಲು ಕೊಯ್ಯೋಕೆ ಎರಡೆರಡು ಸಲ ಮಸೀಬೇಕು.”

ಪಕ್ಕದ ಕಟ್ಟೆಯವಳು ಕಿಸಕ್ಕನೆ ನಕ್ಕಳು. “ಹಾಗಾದ್ರೆ ಆ ಚಾಕುಗೇ ಬಿಳಿ ಕೋಟು ಹಾಕ್ಸಿ ಮೇಡಂ!”

ಮೇಡಂ ನಗಲಿಲ್ಲ. ಸೀಸೆ ಕಳೆದಿದ್ದರೆ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಹೇಳಿ ಹೋದರು. ನನಗಂತೂ ಊಟ ಸೇರಲಿಲ್ಲ.

“ಅತ್ತೆ, ಅವ್ರು ಹೇಳಿದಂಗೆ ಸಾಲಾಗಿ ಬರೀಬಾರದಿತ್ತಾ?”

“ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಬರೀಲಾ?” ಎಂದರು, ಮಗುವಿನ ಮೂಗು ಒರೆಸುತ್ತ.

ಎರಡು ತಿಂಗಳಿಗೆ ಮೇಡಂ ಏದುಸಿರು ಬಿಡುತ್ತ ಬಂದರು. ಸರಿ ಸಂಖ್ಯೆಯವೆಲ್ಲ ಒಂದು ವಂಶ, ಬೆಸ ಸಂಖ್ಯೆಯವೆಲ್ಲ ಇನ್ನೊಂದು. ಒಂದೂ ತಪ್ಪಿರಲಿಲ್ಲ. ಒರಟಿನದಕ್ಕೆ ಯಾವ ಪುಸ್ತಕದಲ್ಲೂ ಹೆಸರಿಲ್ಲವಂತೆ. ಮೇಡಂ ಅತ್ತೆಯ ಮೀನುನಾತದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಅಳುತ್ತಿದ್ದೆ, ಅತ್ತೆ ಮಾತ್ರ ಲೆಕ್ಕ ಕೇಳಿದರು.

“ಒರಟು ಎಷ್ಟಾಯ್ತು?”

“ಒಂಬತ್ತು. ಇಬ್ಬರು ಓರಗಿತ್ತಿಯರನ್ನೂ ಸೇರಿಸಿ ಎಣಿಸ್ಕೊಂಡು, ಇನ್ನೂ ಇಷ್ಟಿವೆಯಲ್ಲ ಅಂತ ಕೂತಿದ್ವಿ. ಇನ್ಮೇಲೆ ಒರಟು ಸಿಕ್ಕಿದ್ರೆ ಜೀವಂತ ಸಮುದ್ರಕ್ಕೆ ಬಿಡಿಸ್ಬೇಕು ಅಮ್ಮ. ನೋಡಿ ಹೇಗೆ ಗುರುತು ಹಿಡಿಯೋದು?”

ಅತ್ತೆಯ ಮುಖ ಇಳಿದುಹೋಯಿತು. “ನೋಡಿದ್ರೆ ಗೊತ್ತಾಗಲ್ಲ. ಚಾಕು ಇಳೀಬೇಕು.” ಚಾಕುವನ್ನು ಕಟ್ಟೆಯ ಮೇಲಿಟ್ಟು ಅಂದರು: “ಒಂಬತ್ತನ್ನೂ ಕೊಯ್ದೋಳು ನಾನೇ.”

ಮರುದಿನ ಬೆಳಿಗ್ಗೆ ಅತ್ತೆ ಚಾಕು ಬಿಟ್ಟು ಬರಿಗೈಯಲ್ಲಿ ದೋಣಿಯ ಹತ್ತಿರ ಹೋದರು, ಹಿಂದೆಯೇ ನಾನೂ. ತೊಟ್ಟಿಯಲ್ಲಿ ತೊರಕೆಯೊಂದು ಇನ್ನೂ ಒದ್ದಾಡುತ್ತಿತ್ತು. ಅತ್ತೆ ಬಗ್ಗಿದರು.

“ಅತ್ತೆ, ಮುಳ್ಳು!”

“ಕೂಗ್ಬೇಡ್ವೇ. ಬೆರಳಿಗೆ ಕೇಳಿಸ್ಬೇಕು.”

ಕಣ್ಣು ಮುಚ್ಚಿ ಅದರ ಬೆನ್ನನ್ನು ತಲೆಯಿಂದ ಹಿಂದಕ್ಕೆ ಸವರಿದರು, ಆಮೇಲೆ ಹಿಂದಿನಿಂದ ಮುಂದಕ್ಕೆ. ತಿಳಿಯಲಿಲ್ಲವೆಂದು ತಲೆಯಾಡಿಸಿ, ಮುಂದಿನ ದೋಣಿಯವನನ್ನು ಕರೆದು, ಜೀವವಿರುವ ತೊರಕೆ ಇದೆಯೇ ಎಂದು ಕೇಳಿದರು.